ಒಂದು ಜರಡಿ ತೌಡು

ಬುಲೋರ್ ಖೋಲಾ ನಕ್ಕಾಗ ಇಲ್ಯೋವು ತನ್ನ ಹಸ್ತಪ್ರತಿಯ ಹನ್ನೊಂದನೆಯ ಪುಟದಲ್ಲಿದ್ದ.

ಸಮರ್ಕಂದದ ಯಹೂದಿ ಕೇರಿಯ ಆ ಹಳೆಯ ಅಂಗಳದಲ್ಲಿ, ದ್ರಾಕ್ಷಿಯ ಚಪ್ಪರದ ಕೆಳಗೆ, ತೀರಿಹೋದ ಅವನ ತಾಯಿ ಸಿವ್ಯೋಳ ವರ್ಷದ ಊಟಕ್ಕೆ ಇಪ್ಪತ್ತೆರಡು ಜನ ಸೇರಿದ್ದರು. ಮೇಜು ಹಾಕಿದ್ದು ಅರುವತ್ತು ಜನಕ್ಕೆ. ಅಡುಗೆಯ ಹೆಂಗಸರ ಅಂದಾಜು ಇನ್ನೂ ಹಳೆಯ ಕಾಲದ್ದೇ ಆಗಿತ್ತು. ಸೋವಿಯತ್ ದೇಶ ಕಳಚಿಬಿದ್ದ ಈ ಹನ್ನೆರಡು ವರ್ಷಗಳಲ್ಲಿ ಕೇರಿಯ ಜನ ಮಾತ್ರ ಒಬ್ಬೊಬ್ಬರಾಗಿ ಇಸ್ರೇಲಿಗೂ ಅಮೆರಿಕಕ್ಕೂ ಹೊರಟುಹೋಗಿದ್ದರು. ಖಾಲಿ ಕುರ್ಚಿಗಳ ಮುಂದೆಯೂ ದುಂಡಗಿನ ರೊಟ್ಟಿಗಳು ಕಾದು ಕೂತಿದ್ದವು. ಕೊತ್ತಂಬರಿ ಬೆರೆಸಿದ ಹಸಿರು ಪಲಾವಿನ ಮೇಲೆ ಹಬೆಯಾಡುತ್ತಿತ್ತು.

ಸತ್ತವರ ವರ್ಷದ ದಿನ ಅವರನ್ನು ಕುರಿತ ಪುಸ್ತಕವೊಂದನ್ನು ಹಂಚುವುದು ಕೇರಿಯಲ್ಲಿ ಈಚೆಗೆ ಬೆಳೆದ ರೂಢಿ. ಇಲ್ಯೋವು ಕೂಡ ತಾಯಿಯ ಬಗ್ಗೆಯೇ ಬರೆಯಲು ಕೂತವನು. ಮೂರನೆಯ ತಿಂಗಳಿಗೆ ಲೇಖನಿ ತಾನಾಗಿ ಅವನ ಕಡೆಗೇ ಹೊರಳಿತು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಆತ ತನ್ನ ಅರುವತ್ತೊಂದನೆಯ ವಯಸ್ಸಿನಲ್ಲಿ ಇನ್ನೂರು ಪುಟದ ಆತ್ಮಕಥೆಯೊಂದನ್ನು ಬರೆದು ಮುಗಿಸಿದ್ದ: ಯಹೂದಿ ತಾಯಿಗೂ ಕೊರಿಯನ್ ತಂದೆ ತ್ರೊಫೀಮ್‌ಗೂ ಹುಟ್ಟಿ, ಎರಡು ಜನಾಂಗಗಳ ಹೊಸ್ತಿಲಲ್ಲಿ ಬೆಳೆದ ಹುಡುಗನೊಬ್ಬನ ಕಥೆ. ಗುರುವಾರದಿಂದ ತಾಷ್ಕೆಂಟಿನ ಮುದ್ರಣಾಲಯದಲ್ಲಿ ಅಚ್ಚು ಶುರು. ರಟ್ಟಿಗೆ ಅವನೇ ಬರೆದ ಸ್ವಂತ ಮುಖದ ಚಿತ್ರ. ಪುಸ್ತಕ ಕೈಗೆ ಬರುವುದು ತಡವಾದ್ದರಿಂದ ಇಂದು ಒಂದಿಷ್ಟು ಭಾಗವನ್ನು ಓದಿ ಹೇಳುವುದೆಂದು ಗೊತ್ತಾಗಿತ್ತು.

"ನನ್ನ ಮೂಗು ತಾಯಿಯ ಕಡೆಯದು," ಎಂದು ಅವನು ಓದಿದ. "ಅದು ಎಷ್ಟೋ ಮರುಭೂಮಿಗಳ ಧೂಳನ್ನು ಸೋಸಿಕೊಂಡು ಬಂದದ್ದು. ನನ್ನ ಕಣ್ಣುಗಳು ತಂದೆಯ ಕಡೆಯವು. ಪೂರ್ವ ಸಮುದ್ರದ ಬೆಳಕಿಗೆ ಕಿರಿದಾದವು. ಇವೆರಡರ ನಡುವಿನ ಒಂದು ಅಂಗುಲ ಜಾಗವೇ ನನ್ನ ತಾಯ್ನಾಡು."

ಈ ಐದು ಸಾಲಿಗೆ ಅವನಿಗೆ ಎರಡು ವಾರ ಹಿಡಿದಿತ್ತು. ತಲೆಯೆತ್ತಿ ಒಂದು ಕ್ಷಣ ಮೌನಕ್ಕೆ ಜಾಗ ಬಿಟ್ಟ. ಆ ಜಾಗದೊಳಗೆ ನಗು ಬಂದು ಬಿತ್ತು.

ಹೆಂಗಸರ ಸಾಲಿನ ತುದಿಯಲ್ಲಿ ಕೂತಿದ್ದ ಬುಲೋರ್ ನಗುತ್ತಿದ್ದಳು. ಎಪ್ಪತ್ತೇಳು ವರ್ಷದವಳು, ಪಕ್ಕದ ಅಂಗಳದವಳು; ಕೇರಿಯ ಹಿರಿಯ ಹೆಂಗಸರನ್ನೆಲ್ಲ ಚಿಕ್ಕಮ್ಮನ ಹಾಗೆ ಖೋಲಾ ಎಂದು ಕರೆಯುವಂತೆ ಇವಳನ್ನೂ ಅವನು ಬಾಯಿ ಬಂದಾಗಿನಿಂದ ಹಾಗೆಯೇ ಕರೆದವನು. ಬರುವ ಬುಧವಾರ ಅವಳೂ ಇಸ್ರೇಲಿನ ರಾಮ್ಲೆಗೆ, ಮೊಮ್ಮಕ್ಕಳ ಮನೆಗೆ ಹೊರಡುವವಳಿದ್ದಳು.

"ಯಾರ ಕಡೆಯ ಕಣ್ಣು ಅಂದೆ?" ಎಂದು ಕೇಳಿದಳು.

"ಅಪ್ಪಂದು, ಖೋಲಾ."

"ಯಾವ ಅಪ್ಪಂದು?"

ಪ್ರಾರ್ಥನೆ ನಡೆಸಲು ಬಂದಿದ್ದ ಮುದುಕ ಪಿನ್ಹಾಸ್ ಚಮಚವನ್ನು ತಟ್ಟೆಗೆ ಬಡಿದ. "ಬುಲೋರ್, ಅನ್ನ ಆರ್ತಾ ಇದೆ. ಬಾಯಿ ಮುಚ್ಕೊಂಡು ತಿನ್ನು."

"ಅರವತ್ತು ವರ್ಷ ಮುಚ್ಕೊಂಡೇ ಇದ್ದೆ, ಪಿನ್ಹಾಸ್. ನೀನೂ ಇದ್ದೆ. ಆ ಕಣ್ಣು ತ್ರೊಫೀಮ್‌ದಂತೆ! ಪೂರ್ವ ಸಮುದ್ರದ್ದಂತೆ! ಅಯ್ಯೋ ಮಗನೇ, ಆ ಕಣ್ಣು ನಮ್ಮ ಅಬೋಹಾಯ್‌ದು ಕಣೋ. ನಮ್ಮಣ್ಣಂದು."

ಹೇಳಿದ ಕೂಡಲೇ ಅವಳು ಅಂಗೈಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಆ ಸದ್ದು ಚಪ್ಪರದಡಿಯಲ್ಲಿ ಎಲ್ಲರಿಗೂ ಕೇಳಿಸಿತು. ಇಲ್ಯೋವುವಿನ ಕೈಯಲ್ಲಿದ್ದ ಹಾಳೆಗಳು ಒಂದರ ಮೇಲೊಂದು ಜಾರಿ ಪಲಾವಿನ ತಟ್ಟೆಯ ಅಂಚಿಗೆ ಬಂದು ನಿಂತವು. ಅವನು ಮೊದಲು ನೋಡಿದ್ದು ಬುಲೋರಳ ಮುಖವನ್ನಲ್ಲ, ಪಿನ್ಹಾಸ್‌ನದ್ದನ್ನು. ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಮೇಜಿನ ಸುತ್ತ ಎಪ್ಪತ್ತು ದಾಟಿದ ಐದಾರು ಮುಖಗಳಿದ್ದವು. ಒಂದರಲ್ಲೂ ಆಶ್ಚರ್ಯವಿರಲಿಲ್ಲ. ಅವನ ವಯಸ್ಸಿನವರು ಮತ್ತು ಕಿರಿಯರು ಮಾತ್ರ ರೊಟ್ಟಿ ಮುರಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಕೂತಿದ್ದರು. ತನ್ನನ್ನು ಇಷ್ಟು ದಿನ ಎರಡಾಗಿ ಸೀಳಿದ ಗೆರೆ ರಕ್ತದ್ದೆಂದು ಅವನು ತಿಳಿದಿದ್ದ. ಅದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ನಡುವೆ ಎಳೆದ ಗೆರೆಯಾಗಿತ್ತು.

ಏಳುವಂತಿರಲಿಲ್ಲ. ವರ್ಷದ ಊಟದಲ್ಲಿ ಕೊನೆಯ ಆಶೀರ್ವಚನ ಮುಗಿಯುವವರೆಗೆ ಯಾರೂ ಮೇಜು ಬಿಡಬಾರದು. ಬಿಟ್ಟರೆ ಸತ್ತವರ ಆತ್ಮಕ್ಕೆ ಸಲ್ಲಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ. ಪಿನ್ಹಾಸ್ ಬೇಕೆಂದೇ ಅವಸರ ಮಾಡದೆ ತಟ್ಟೆ ಸಾಗಿಸಿದ. ಮೊದಲು ಮರದ ಹಣ್ಣು. ಇಲ್ಯೋವು ಒಂದು ಒಣ ಏಪ್ರಿಕಾಟ್ ತೆಗೆದುಕೊಂಡು ತಾಯಿಯ ಹೆಸರು ಹೇಳಿ ಹರಸಿ ಬಾಯಿಗೆ ಹಾಕಿಕೊಂಡ. ಆಮೇಲೆ ನೆಲದಲ್ಲಿ ಬೆಳೆದದ್ದು, ಸೌತೆಯ ಹೋಳು. ಆಮೇಲೆ ಪರಿಮಳದ ಎಲೆ. ಅದನ್ನು ಮೂಸಿ ಮುಂದಿನವನಿಗೆ ಕೊಡಬೇಕು. ಅವನು ಮೂಸಿದ. ಏನೂ ವಾಸನೆ ಬರಲಿಲ್ಲ. ಪ್ರತಿ ಸಲವೂ ಇಪ್ಪತ್ತೆರಡು ಕೊರಳು ಆಮೆನ್ ಎಂದಾಗ ಅವನದೂ ಎಂದಿತು, ಯಾರದೋ ಕೊರಳಿನ ಹಾಗೆ.

ಹೊರಡುವಾಗ ಜನ ಅವನ ಕೈ ಹಿಡಿದರು. ಪಿನ್ಹಾಸ್ ಬೆನ್ನು ತಟ್ಟಿದ. "ಒಳ್ಳೇದೇ ಆಯ್ತಲ್ಲೋ. ಅರ್ಧ ಅನ್ಕೊಂಡಿದ್ದೆ, ಪೂರ್ತಿ ಆದೆ. ಅಪ್ಪನ ಕಡೆಯಿಂದಲೂ ನಮ್ಮೋನೇ. ಮುಬಾರಕ್!"

ಮನೆಗೆ ಕಳ್ಳರು ನುಗ್ಗಿ ಹೋದ ಬೆಳಗ್ಗೆ ಬಾಗಿಲಲ್ಲಿ ನಿಂತವನಿಗೆ ಮನೆ ವಿಶಾಲವಾಯಿತೆಂದು ಅಭಿನಂದಿಸಿದಂತಿತ್ತು ಅದು.

ಕೈ ತೊಳೆಯುವ ನೆವದಲ್ಲಿ ಅವನು ನಲ್ಲಿಯ ಬಳಿ ಹೋದ. ನಲ್ಲಿಯ ಮೇಲೆ ಮೊಳೆಗೆ ಸಿಕ್ಕಿಸಿದ ಸಣ್ಣ ಕನ್ನಡಿಯೊಂದಿತ್ತು. ತಂದೆ ತ್ರೊಫೀಮ್ ಯುಗಾಯ್ ಬದುಕಿದ್ದಾಗ ಅದರಲ್ಲೇ ಗಡ್ಡ ಕೆರೆದುಕೊಳ್ಳುತ್ತಿದ್ದದ್ದು. ಇಲ್ಯೋವು ನೋಡಿದ. ರೆಪ್ಪೆ ಸ್ವಲ್ಪ ಭಾರ. ಹೊರ ಅಂಚು ಸ್ವಲ್ಪ ಇಳಿದದ್ದು. ಬೇಸಗೆಯ ಬಿಸಿಲಿಗೆ ಕಿರಿದು ಮಾಡುವ ಅಭ್ಯಾಸದಿಂದ ಸುತ್ತ ಸುಕ್ಕು. ಅಷ್ಟೇ. ಅದು ಕೇರಿಯ ಯಾವ ಮುದುಕನಿಗಾದರೂ ಇರಬಹುದಾದ ಕಣ್ಣು. ಕಂಡದ್ದನ್ನು ಬರೆಯಿರಿ, ತಿಳಿದದ್ದನ್ನು ಬರೆಯಬೇಡಿ ಎಂದು ಮೂವತ್ತನಾಲ್ಕು ವರ್ಷ ಮಕ್ಕಳ ತಲೆಯ ಮೇಲೆ ನಿಂತು ಹೇಳಿದ ಮೇಷ್ಟ್ರು ಅವನು. ರಟ್ಟಿನ ಚಿತ್ರಕ್ಕಾಗಿ ಒಂದು ತಿಂಗಳು ಇದೇ ಕನ್ನಡಿಯ ಮುಂದೆ ಕೂತಿದ್ದ. ಆ ಕಣ್ಣುಗಳನ್ನು ಅವನು ಕೊರಿಯನ್ ಆಗಿ ಕಂಡಿದ್ದ, ಕೊರಿಯನ್ ಆಗಿ ಬರೆದಿದ್ದ. ನೋಡಿದವರೆಲ್ಲ ಹೌದು ಎಂದಿದ್ದರು.

ಮತ್ತು ಆ ಇನ್ನೊಂದು ಚಿತ್ರ. ಅದು ನೆನಪಾದ ಕ್ಷಣ ಅವನು ನಲ್ಲಿಯ ಕಂಬವನ್ನು ಹಿಡಿದುಕೊಂಡ.

ಅಂಗಳದಲ್ಲಿ ಈಗ ಇಬ್ಬರೇ ಉಳಿದಿದ್ದರು: ಬುಲೋರ್, ಮತ್ತು ಅವನ ತಂಗಿ ಕ್ಲಾರಾ. ಕ್ಲಾರಾ ತಾಷ್ಕೆಂಟಿನಲ್ಲಿ ಹಲ್ಲಿನ ಡಾಕ್ಟರು, ಐವತ್ತೈದು ವರ್ಷ, ಬಾಯಿ ಹರಿತ. ತ್ರೊಫೀಮ್‌ನ ಚಪ್ಪಟೆ ಕೆನ್ನೆ, ಸಿವ್ಯೋಳ ಗುಂಗುರು ಕೂದಲು, ಎರಡನ್ನೂ ಅವಳು ಯಾರಿಗೂ ವಿವರಿಸದೆ ಹೊತ್ತು ತಿರುಗಿದವಳು. ತಾನು ತಂದ ಖಾರದ ಕ್ಯಾರೆಟ್ ಯಾರೂ ಮುಟ್ಟಲಿಲ್ಲವೆಂದು ಗೊಣಗುತ್ತ ಅದನ್ನೇ ತಿನ್ನುತ್ತಿದ್ದಳು.

"ಅವರ ಚಿತ್ರ ನಾನು ಬರ್ದಿದ್ದೆ," ಎಂದ ಇಲ್ಯೋವು. "ನಿಮ್ಮಣ್ಣಂದು."

"ಬರ್ದಿದ್ದೆ," ಎಂದಳು ಬುಲೋರ್. "ಯುದ್ಧ ಗೆದ್ದ ನಲವತ್ತನೇ ವರ್ಷ. ಹೆಬ್ಬೆಟ್ಟಿನಷ್ಟು ಫೋಟೋ ಇತ್ತು ನನ್ನ ಹತ್ರ. ದೊಡ್ಡದು ಮಾಡಿಕೊಡು ಅಂತ ನಿನ್ನ ಹತ್ರಾನೇ ತಂದೆ. ಬೇಕಂತಲೇ ತಂದೆ ಕಣೋ. ಕಣ್ಣು ಬರೀವಾಗ ಗೊತ್ತಾದ್ರೆ ಆಗ್ಲಿ, ನನ್ನ ಬಾಯಿಂದ ಬರೋದು ಬೇಡ ಅಂತ. ಮೂರು ದಿನ ಕೂತು ಬರ್ದೆ. ತಂದು ಕೊಟ್ಟು, ಕಣ್ಣು ಸುಲಭವಾಗಿ ಬಂತು ಖೋಲಾ, ಮೂಗೇ ಕಷ್ಟ ಆಯ್ತು ಅಂದೆ. ನಾನು ಒಳಗೆ ಹೋಗಿ ಅತ್ತೆ."

ಇಲ್ಯೋವು ಕೂತ.

ಅವಳು ಹೇಳಿದ್ದು ಹೀಗೆ. ಸಿವ್ಯೋಳ ಮೊದಲ ಗಂಡ ಅಬೋಹಾಯ್. ಮದುವೆ ಕೇರಿಯ ಕಟ್ಟಳೆಯ ಪ್ರಕಾರ ನಡೆದದ್ದು, ಸರಕಾರದ ಕಾಗದದಲ್ಲಿ ಇಲ್ಲದ್ದು. ಮೂರು ಮಕ್ಕಳು ಹುಟ್ಟಿ ಮೂರೂ ವರ್ಷ ತುಂಬುವ ಮೊದಲೇ ಹೋದವು. ನಾಲ್ಕನೆಯದು ಹುಟ್ಟಿದ್ದು ಯುದ್ಧದ ನಡುವೆ, ನಲವತ್ತೆರಡರ ಚಳಿಗಾಲದಲ್ಲಿ. ಅಂಥ ಮನೆಗಳಲ್ಲಿ ಮಗುವನ್ನು ಮಾರುತ್ತಿದ್ದರು. ಸಾವು ಆ ಮಗುವನ್ನು ಹುಡುಕಿಕೊಂಡು ಬಂದರೆ, ಅದು ಇಲ್ಲಿಯದಲ್ಲ, ಬೇರೆಯವರದು ಎಂದು ಹೇಳಲಿಕ್ಕಾಗಬೇಕು. ಸಾಮಾನ್ಯವಾಗಿ ಕೊಳ್ಳುವವಳು ಮಕ್ಕಳು ತುಂಬಿದ ಯಾವಳಾದರೂ ಹೆಂಗಸು. ಆದರೆ ಬುಲೋರಳ ತಾಯಿ ಎಲ್ಲರಿಗಿಂತ ಜಾಣೆ. ಅಂಗಳದ ಮೂಲೆಯ ಕೋಣೆಯಲ್ಲಿ ಹೊಲಿಗೆಯಂತ್ರ ರಿಪೇರಿ ಮಾಡುವ ಕುಂಟ ಕೊರಿಯನ್ ಒಬ್ಬ ಬಾಡಿಗೆಗಿದ್ದ, ತ್ರೊಫೀಮ್ ಯುಗಾಯ್. ಪೂರ್ವದ ಕರಾವಳಿಯಿಂದ ಅವನ ಜನರನ್ನು ಸರಕಾರ ರೈಲಿಗೆ ತುಂಬಿ ಈ ಕಡೆ ತಂದು ಸುರಿದಾಗ ಹೆಂಡತಿಯನ್ನೂ ಎರಡು ಮಕ್ಕಳನ್ನೂ ದಾರಿಯಲ್ಲೇ ಕಳೆದುಕೊಂಡವನು. ಸಾವು ಎಲ್ಲವನ್ನೂ ಗುಡಿಸಿಕೊಂಡು ಹೋದ ಮನೆ ಅದು, ಮತ್ತೆ ಅಲ್ಲಿ ತಡಕಲು ಅದಕ್ಕೆ ಕಾರಣವಿಲ್ಲ ಎಂಬುದು ಮುದುಕಿಯ ವಾದ.

"ಮೂರನೇ ದಿನ ನಿನ್ನನ್ನ ಜರಡೀಲಿ ಮಲಗ್ಸಿ ಅವನ ಬಾಗಿಲಿಗೆ ತಗೊಂಡು ಹೋದ್ವಿ. ಅಮ್ಮ ಕೂಗಿದ್ಲು, ಮಗು ಮಾರಾಟಕ್ಕಿದೆ, ಯಾರಾದ್ರೂ ಕೊಳ್ತೀರಾ ಅಂತ. ಅವನಿಗೆ ಮೊದ್ಲೇ ಹೇಳಿಕೊಟ್ಟಿದ್ವಿ. ಆದ್ರೂ ಅವನು ತುಂಬಾ ಹೊತ್ತು ಸುಮ್ನೆ ನಿಂತ. ಆಮೇಲೆ ಒಳಗೆ ಹೋಗಿ ಒಂದು ಜರಡಿ ತೌಡು ತಂದ. ತೌಡು ಕೊಟ್ಟ, ನಿನ್ನ ತಗೊಂಡ. ನಾನಾಗ ಹದಿನಾರರವಳು, ನಗು ಬಂತು. ಅಮ್ಮ ತೊಡೆ ಚಿವುಟಿದ್ಲು."

"ಕಾಗದದಲ್ಲಿ?" ಎಂದು ಕೇಳಿದಳು ಕ್ಲಾರಾ. "ಕಾಗದದಲ್ಲಿ ಇವನು ಯುಗಾಯ್ ಹೇಗಾದ?"

"ಕಾಗದಾನೂ ನಂಬಬೇಕಲ್ಲ ತಾಯಿ. ಸಾವಿಗೆ ಓದೋಕೆ ಬರಲ್ಲ ಅಂತ ಯಾರು ಹೇಳಿದ್ದು? ತ್ರೊಫೀಮೇ ಕಚೇರಿಗೆ ಹೋಗಿ ನನ್ನ ಮಗ ಅಂತ ಬರೆಸಿದ. ಮಾರಿದ ಮಗೂನ ಮದುವೆಗೆ ಮುಂಚೆ, ಇಲ್ಲ ಏಳು ತುಂಬಿದಾಗ ವಾಪಸ್ ಕೊಳ್ಳೋದು ಪದ್ಧತಿ. ಕೊಳ್ಳೋವರೆಗೆ ಆ ಮಾತು ಯಾರೂ ಎತ್ತಬಾರದು. ಎತ್ತಿದ್ರೆ ಸಾವಿನ ಕಿವಿಗೆ ಬೀಳತ್ತೆ. ಇಡೀ ಕೇರಿ ಬಾಯಿ ಹೊಲ್ಕೊಂಡ್ತು. ಮುಂದಿನ ವರ್ಷ ಅಬೋಹಾಯ್ ಯುದ್ಧದಲ್ಲಿ ಸತ್ತ ಕಾಗದ ಬಂತು. ಆಮೇಲೆ ಮೂರು ವರ್ಷಕ್ಕೆ ನಿಮ್ಮಮ್ಮ ತ್ರೊಫೀಮ್‌ನ ಮದುವೆ ಆದ್ಲು. ನಾಟಕ ಅಂತ ಶುರು ಮಾಡಿದ್ದು, ಮನೆಯಾಗಿ ನಿಂತ್ಕೊಂಡ್ತು."

ಕ್ಲಾರಾ ಚಮಚ ಕೆಳಗಿಟ್ಟಳು. ಆಮೇಲೆ ಅವಳಿಗೆ ನಗು ಬಂತು. ಬರಬಾರದ ಜಾಗದಲ್ಲಿ ಬಂದ ನಗು. "ಹಾಗಾದ್ರೆ ಈ ಮನೇಲಿ ಬೆರಕೆ ಸರಕು ಅಂದ್ರೆ ನಾನೊಬ್ಳೇ? ಐವತ್ತೈದು ವರ್ಷದಿಂದ ಬೆರಕೆ ನಾನು, ಒಂದು ಸಾಲು ಬರೀಲಿಲ್ಲ. ಇವನು ಬೆರಕೆ ಅಲ್ಲದೇನೇ ಇನ್ನೂರು ಪುಟ ಬರ್ದ!"

"ಕ್ಲಾರಾ."

"ಏನು ಕ್ಲಾರಾ? ಅಣ್ಣ, ಎರಡು ಸಲ ಓದಿದೀನಿ ನಿನ್ನ ಪುಸ್ತಕ. ಅಯ್ಯೋ ಪಾಪ, ಎಷ್ಟು ಕಷ್ಟಪಟ್ಟಿದಾನೆ ನಮ್ಮಣ್ಣ, ನನಗ್ಯಾಕೆ ಏನೂ ಆಗ್ಲಿಲ್ಲ, ನನಗೇ ಏನೋ ಕಡಿಮೆ ಅಂತ ಅತ್ತಿದೀನಿ."

ಅವನ ಕಷ್ಟ ಸುಳ್ಳಾಗಿರಲಿಲ್ಲ. ಕೇರಿಯ ಹುಡುಗರು, ಕೊರಿಯಾದವನು ಬಂದ, ನಾಯಿಗಳನ್ನು ಬಚ್ಚಿಡಿ ಎಂದು ಕೂಗಿದ್ದು ನಿಜ. ತಾಷ್ಕೆಂಟಿನ ಹೊರಗಿನ ಕೊರಿಯನ್ ಕೃಷಿ ಕೂಟದಲ್ಲಿ ತಂದೆಯ ನೆಂಟರು, ಮೊದಲು ಮೂಗು ಬಂತು, ಹಿಂದೆ ಹುಡುಗ ಬಂದ ಎಂದು ನಕ್ಕದ್ದೂ ನಿಜ. ಹದಿನಾರನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟಿನ ಗುಮಾಸ್ತೆ, ಇಬ್ಬರಲ್ಲಿ ಯಾರ ಜನಾಂಗ ಬರೆಯಲಿ ಎಂದು ಕೇಳಿದಾಗ ಅವನು ಕೊರಿಯನ್ ಎಂದಿದ್ದ. ತಂದೆ ಕಿಟಕಿಯ ಕಡೆ ತಿರುಗಿ ನಿಂತಿದ್ದ, ತಾಯಿ ಮನೆಗೆ ಬಂದು ಅತ್ತಿದ್ದಳು. ತನ್ನ ಕುಲವನ್ನು ಮಗ ಬಿಟ್ಟನೆಂದು ತಾಯಿ ಅತ್ತಳು ಎಂದು ಪುಸ್ತಕದಲ್ಲಿ ಬರೆದಿದ್ದ. ಈಗ ಅವಳು ಏಕೆ ಅತ್ತಳೆಂಬುದು ಗೊತ್ತಿರಲಿಲ್ಲ. ತಂದೆ ಕಿಟಕಿಯಾಚೆ ಏನು ನೋಡಿದನೆಂಬುದೂ ಗೊತ್ತಿರಲಿಲ್ಲ. ಇನ್ನೂರು ಪುಟಗಳಲ್ಲಿ ಒಂದು ಘಟನೆಯೂ ಸುಳ್ಳಲ್ಲ. ಒಂದು ಕಾರಣವೂ ನಿಜವಲ್ಲ.

"ಅವರು ಕೊನೇವರೆಗೂ ಹೇಳ್ಲಿಲ್ಲ," ಎಂದ. "ಅಪ್ಪ. ಆಸ್ಪತ್ರೇಲಿ ಒಂದು ತಿಂಗಳು ಮಲಗಿದ್ರು. ನಾನೇ ನೋಡ್ಕೊಂಡೆ. ಹೇಳಬಹುದಿತ್ತು."

"ಹೇಳೋಕೆ ಅವನಿಗೆ ಹಕ್ಕಿರ್ಲಿಲ್ಲ ಕಣೋ. ಕೊಂಡವನು ಹೇಳಬಾರದು. ಕೊಳ್ಳೋಕೆ ಬಂದವರು ಹೇಳಬೇಕು." ಬುಲೋರ್ ತನ್ನ ದೊಡ್ಡ ಚೀಲವನ್ನು ಮಡಿಲಿಗೆಳೆದುಕೊಂಡಳು. "ಅದಕ್ಕೇ ಬಂದೆ ಇವತ್ತು. ನಗು ಮೊದಲು ಬಂದ್ಬಿಡ್ತು, ಏನ್ ಮಾಡ್ಲಿ."

ಚೀಲದಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ತೌಡು. ಹೊಸದಾಗಿ ಬೀಸಿದ ಗೋಧಿಯ ವಾಸನೆ ಅಂಗಳಕ್ಕೆ ಹರಡಿತು. ಸಿವ್ಯೋಳ ಅಡುಗೆಮನೆಯ ಗೋಡೆಯಿಂದ ತಾನೇ ಹೋಗಿ ಜರಡಿ ತಂದು, ತೌಡನ್ನು ಅದರಲ್ಲಿ ಸುರಿದು, ಅಂಗೈಯಿಂದ ಸಮ ಮಾಡಿ ಮೇಜಿನ ಮೇಲೆ ಇಟ್ಟಳು.

"ಬುಧವಾರ ಹೊರಡ್ತೀನಿ. ಅಲ್ಲೇ ಸಾಯ್ತೀನಿ. ಅಬೋಹಾಯ್ ಸಿಕ್ಕಿದ್ರೆ ನನ್ನ ಮಗನ್ನ ಯಾರ ಮನೇಲಿ ಬಿಟ್ಟು ಬಂದೆ ಅಂತ ಕೇಳ್ತಾನೆ. ನಮ್ಮ ಕಡೆಯಿಂದ ಕೊಳ್ಳೋಕೆ ಉಳಿದಿರೋಳು ನಾನೊಬ್ಳೇ. ಇವತ್ತು ನಿನ್ನನ್ನ ವಾಪಸ್ ಕೊಳ್ತೀನಿ."

ಹತ್ತೊಂಬತ್ತು ವರ್ಷಗಳಿಂದ ಪ್ರತಿ ಏಪ್ರಿಲ್ ಐದರಂದು, ಕೊರಿಯನ್ನರು ಸತ್ತವರನ್ನು ನೆನೆಯುವ ದಿನ, ಇಲ್ಯೋವು ಅವರ ಸ್ಮಶಾನಕ್ಕೆ ಹೋಗಿ, ಹಿರಿಯ ಮಗನಾಗಿ ತ್ರೊಫೀಮ್‌ನ ಸಮಾಧಿಗೆ ಮೂರು ಸಲ ವೋಡ್ಕಾ ಸುರಿದು, ಹಣೆ ಮಣ್ಣಿಗೆ ತಾಗುವಂತೆ ಬಾಗಿದವನು. ಅದು ಅವನ ಹಕ್ಕು. ಬೇರೆ ಯಾವ ಹಕ್ಕೂ ಅವನಿಗೆ ಬದುಕಿನಲ್ಲಿ ಅಷ್ಟು ಖಚಿತವಾಗಿರಲಿಲ್ಲ. ಈ ಮುದುಕಿ ಒಂದು ಜರಡಿ ತೌಡಿನಿಂದ ಅದನ್ನು ಅಳಿಸಲು ಬಂದಿದ್ದಳು; ಅದೇ ತೌಡಿನಿಂದಲೇ ಅದು ಹುಟ್ಟಿದ್ದೆಂಬುದು ಇನ್ನೂ ಭಯಂಕರವಾಗಿತ್ತು.

"ಏಳು ತುಂಬಿದಾಗ ಯಾಕೆ ಕೊಳ್ಳಲಿಲ್ಲ?" ಎಂದು ಕೇಳಿದ. ಅವನ ದನಿ ಅವನಿಗೇ ಒರಟಾಗಿ ಕೇಳಿಸಿತು. "ಆಗ ಎಲ್ಲಿದ್ರಿ?"

ಬುಲೋರ್ ಜರಡಿಯ ಅಂಚನ್ನು ಸವರಿದಳು.

"ಅವನೇ ಕರ್ಕೊಂಡು ಬಂದಿದ್ದ. ತ್ರೊಫೀಮ್. ನಾವಾಗ ಬಜಾರಿನ ಆಚೆ ಇದ್ವಿ. ನಿನಗೆ ಏಳು ತುಂಬಿದ ದಿನ ಬಿಳಿ ಅಂಗಿ ಹಾಕ್ಸಿ, ತಲೆ ಬಾಚಿ, ಕೈ ಹಿಡ್ಕೊಂಡು ಬಂದ. ಅಮ್ಮ ಆಗಲೇ ಹೋಗಿದ್ಲು, ಬಾಗಿಲು ತೆಗ್ದಿದ್ದು ನಾನು. ದಿನ ತುಂಬಿತು, ನೀವು ಹೇಳಿದ ಹಾಗೆ ತಂದಿದೀನಿ ಅಂದ. ಅಷ್ಟೇ ಅಂದ. ನಾನು ಅವನ ಕೈ ನೋಡಿದೆ. ಸೂಜಿಗೆ ದಾರ ಪೋಣಿಸೋ ಕೈ ಅದು, ಅಂಥಾ ಕೈ, ಎಲೆ ಥರ ನಡುಗ್ತಿತ್ತು. ಅವನಿಗೆ ನಮ್ಮ ಪದ್ಧತಿ ಏನೂ ಗೊತ್ತಿಲ್ಲ, ಮಾತು ಅಂದ್ರೆ ಮಾತು ಅನ್ಕೊಂಡಿದ್ದ. ಕೇಳಿದ್ರೆ ಕೊಟ್ಬಿಡ್ತಿದ್ದ ಕಣೋ. ಕೊಟ್ಟು ಹೋಗಿ ಎಲ್ಲಾದ್ರೂ ಬಿದ್ದು ಸಾಯ್ತಿದ್ದ. ಮನೇಲಿ ಇವತ್ತು ತೌಡಿಲ್ಲ, ಇನ್ನೊಂದು ದಿನ ನೋಡೋಣ ಅಂದೆ. ಒಳಗೆ ಮೂಟೆ ಇತ್ತು. ಅವನು ನಿನ್ನನ್ನ ಎತ್ಕೊಂಡು ಭುಜದ ಮೇಲೆ ಕೂರಿಸ್ಕೊಂಡ. ಕುಂಟ, ಓಡಿಬಿಟ್ಟ. ತಿರುಗಿ ನೋಡ್ಲೇ ಇಲ್ಲ."

ಇಲ್ಯೋವುವಿಗೆ ಆ ಸವಾರಿ ನೆನಪಿತ್ತು. ಬಾಗಿಲು ನೆನಪಿರಲಿಲ್ಲ, ಬುಲೋರ್ ನೆನಪಿರಲಿಲ್ಲ. ಬಜಾರಿನ ನೂರು ತಲೆಗಳು ಕೆಳಗೆ ಹರಿದದ್ದು, ಕಲ್ಲಂಗಡಿಯ ರಾಶಿಗಳು ಎಡವುತ್ತ ಹಿಂದೆ ಸರಿದದ್ದು, ಕುಂಟುವ ಪ್ರತಿ ಹೆಜ್ಜೆಗೂ ಆಕಾಶ ಒಂದು ಕಡೆಗೆ ವಾಲಿದ್ದು. ಏಳು ವರ್ಷದ ದೊಡ್ಡ ಹುಡುಗ, ನಾಚಿಕೆಯಾಗಿ ಇಳಿಸು ಎಂದು ಅತ್ತಿದ್ದ. ತಂದೆ ಇಳಿಸಿರಲಿಲ್ಲ. ಕಣಕಾಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಮರುದಿನ ಬೆರಳಿನ ಗುರುತು ನೀಲಿಗಟ್ಟಿತ್ತು. ಆ ದಿನವನ್ನು ಅವನು ಪುಸ್ತಕಕ್ಕೆ ಸೇರಿಸಿರಲಿಲ್ಲ. ಅದರಲ್ಲಿ ಎರಡು ಜನಾಂಗಗಳ ಮಾತೇನೂ ಇರಲಿಲ್ಲವಲ್ಲ.

ಅವನು ಮುಖ ಮುಚ್ಚಿಕೊಂಡ.

"ಅಳು, ಅಳು, ಆಮೇಲೆ ವ್ಯಾಪಾರ ಮಾಡೋಣ," ಎಂದು ಬುಲೋರ್ ಕ್ಲಾರಾಳ ಕಡೆ ತಿರುಗಿದಳು. "ನೀನು ತ್ರೊಫೀಮ್‌ನ ರಕ್ತ. ಕೊಂಡವನ ಹಕ್ಕು ಈಗ ನಿಂದು. ಕೇಳ್ತೀನಿ, ಬಾಯಿ ತುಂಬ ಉತ್ತರ ಕೊಡಬೇಕು. ನಮ್ಮ ಮಗೂನ ನಮಗೆ ಮಾರ್ತೀಯಾ?"

ಕ್ಲಾರಾ ಗಾಬರಿಯಾದಳು. "ನಾನಾ? ಅವನನ್ನೇ ಕೇಳಿ. ಅರವತ್ತೊಂದು ವರ್ಷದ ಗಂಡಸು ಅವನು."

"ಮಾರೋ ಮಗೂನ ಯಾರೂ ಕೇಳಲ್ಲ."

"ಕೊಳ್ಳದಿದ್ರೆ ಏನಾಗತ್ತೆ?"

"ಆ ಕಡೆ ಹೋದಾಗಲೂ ಯುಗಾಯ್‌ನ ಮಗ ಆಗೇ ಇರ್ತಾನೆ."

"ಕೊಂಡ್ರೆ?"

"ಅಬೋಹಾಯ್‌ನ ಮಗ."

ಕ್ಲಾರಾ ಅಣ್ಣನನ್ನು ನೋಡಿದಳು. ಇಲ್ಯೋವು ಏನನ್ನಾದರೂ ಹೇಳಬೇಕೆಂದು ಬಾಯಿ ತೆರೆದ. ಇಂಥ ಹೆದರಿಕೆಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಈ ತಂಗಿ ತರ್ಕದವಳು; ಕೊಳೆತ ಹಲ್ಲನ್ನು ಎರಡನೆಯ ಯೋಚನೆಯಿಲ್ಲದೆ ಕೀಳುವವಳು. ಇದು ನಿಜ, ಅದು ಸುಳ್ಳು, ಮುದುಕಿ ನೆಮ್ಮದಿಯಾಗಿ ಹೋಗಲಿ ಎಂದು ಆಯಿತು ಎನ್ನಬಹುದು. ಒಂದು ಮಾತು. ಆ ಮಾತಿನ ಆಚೆಗೆ ಅವನು ಯಾರ ಸಮಾಧಿಯ ಮುಂದೂ ಬಾಗಲಾರದ ಅಪರಿಚಿತ.

ಅವಳು ಎದ್ದು, ಜರಡಿಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು. ಬುಲೋರಳ ತುಟಿ ಪ್ರಾರ್ಥನೆಗೋ ಏನೋ ಅಲುಗಿತು. ಕ್ಲಾರಾ ಜರಡಿಯನ್ನು ಮತ್ತೆ ಅವಳ ಮುಂದೆಯೇ ಇಟ್ಟಳು.

"ಇಲ್ಲ ಖೋಲಾ, ಮಾರೋದಿಲ್ಲ. ಇನ್ನೊಬ್ಬ ಅಣ್ಣ ಇದ್ದಿದ್ರೆ ಯೋಚ್ನೆ ಮಾಡ್ತಿದ್ದೆ. ನನ್ನ ಹತ್ರ ಇರೋದು ಇದೊಂದೇ, ಅದೂ ಹಳೇದು, ರಿಪೇರಿ ಬೇಕು. ಹೊರಗೆ ಕೊಟ್ರೆ ಬೈಗುಳ ಬರತ್ತೆ."

"ತಮಾಷೆ ಮಾಡ್ಬೇಡ್ವೇ!"

"ತಮಾಷೆ ಅಲ್ಲ." ಕ್ಲಾರಾ ಮತ್ತೆ ಕೂತಳು. "ನಾನು ಮೂರು ವರ್ಷದವಳಿದ್ದಾಗ ಕಾಲುವೇಗೆ ಬಿದ್ದೆ. ಇವನೇ ಎತ್ತಿದ್ದು. ಅಪ್ಪ ಇವನನ್ನ ಎತ್ಕೊಂಡು ಮುತ್ತಿಟ್ಟ, ನನ್ನನ್ನಲ್ಲ. ಆವತ್ತು ನನಗೆ ಹೊಟ್ಟೆಕಿಚ್ಚಾಯ್ತು. ಮಾರೋದಾಗಿದ್ರೆ ಆವತ್ತೇ ಮಾರ್ತಿದ್ದೆ."

ಇಲ್ಯೋವು ತಂಗಿಯ ಕೈಯನ್ನು ಹುಡುಕಿ ಹಿಡಿದುಕೊಂಡ. ಖಾರದ ಕ್ಯಾರೆಟ್ಟಿನ ಎಣ್ಣೆಗೆ ಅದು ಜಾರಿತು, ಮತ್ತೆ ಹಿಡಿದ.

ಬುಲೋರ್ ಬಿಳಿ ಬಟ್ಟೆಯನ್ನು ಹಾಸಿ, ಜರಡಿಯನ್ನು ಬೋರಲು ಹಾಕಿ, ಒಂದು ಕಣವೂ ಚೆಲ್ಲದಂತೆ ಗಂಟು ಕಟ್ಟತೊಡಗಿದಳು. ಗಂಟು ಬೀಳಲಿಲ್ಲ. ಬೆರಳುಗಳಿಗೆ ವಯಸ್ಸಾಗಿತ್ತು.

"ಸರಿ," ಎಂದಳು. "ಸರಿ. ಹಾಗಂತಲೇ ಅವನಿಗೆ ಹೇಳ್ತೀನಿ. ಕೇಳಿದೆ, ಕೊಡ್ಲಿಲ್ಲ ಅಂತ."

ಆ ಬೆರಳುಗಳನ್ನು ನೋಡುತ್ತಿದ್ದಂತೆ ಇಲ್ಯೋವುವಿಗೆ, ಇಷ್ಟು ಹೊತ್ತೂ ತಾನು ಒಬ್ಬ ತಂದೆಯನ್ನು ಕಳೆದುಕೊಳ್ಳುವ ಭಯದಲ್ಲಿ ಇನ್ನೊಬ್ಬನನ್ನು ಒಮ್ಮೆಯೂ ನೆನೆಯಲಿಲ್ಲವೆಂದು ಹೊಳೆಯಿತು. ಮೂರು ದಿನ ಕೂತು ಆ ಮುಖದ ಪ್ರತಿಯೊಂದು ನೆರಳನ್ನೂ ಬರೆದ ಕೈ ಅವನದು. ಇಪ್ಪತ್ತೈದರ ಹುಡುಗ, ಸೈನಿಕನ ಟೋಪಿ, ಕಿವಿ ಸ್ವಲ್ಪ ದೊಡ್ಡದು.

"ಖೋಲಾ," ಎಂದ. "ಅವರು ನನ್ನ ಎತ್ಕೊಂಡಿದ್ರಾ? ಯುದ್ಧಕ್ಕೆ ಹೋಗೋ ಮುಂಚೆ?"

ಗಂಟು ಕಟ್ಟುವ ಕೈ ನಿಂತಿತು.

"ಇಲ್ಲ ಮಗ."

"ಒಂದು ಸಲವೂ?"

"ಮಾರಿದ ಮಗೂನ ನಲವತ್ತು ದಿನ ಹೆತ್ತ ಅಪ್ಪ ನೋಡಬಾರದು. ನೋಡಿದ್ರೆ ಮಾರಾಟ ಮುರೀತು. ಮೂರು ಮಕ್ಕಳನ್ನ ಮಣ್ಣಿಗೆ ಕೊಟ್ಟವನು, ಅವನಿಗಿಂತ ಗಟ್ಟಿಯಾಗಿ ಯಾರೂ ಪಾಲಿಸ್ಲಿಲ್ಲ ಅದನ್ನ. ನಿನ್ನ ಸುನ್ನತಿ ದಿನ ನಮ್ಮಪ್ಪ ನಿನ್ನನ್ನ ಮಡಿಲಲ್ಲಿ ಇಟ್ಕೊಂಡಿದ್ದ. ಅಬೋಹಾಯ್ ಇಲ್ಲೇ, ಈ ಅಂಗಳದಲ್ಲಿ, ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ನೀನು ಅತ್ತೆಯಲ್ಲ, ಆಗ ಹಣೇನ ಗೋಡೆಗೆ ಒತ್ಕೊಂಡ. ನಾನು ಕಂಡಿದೀನಿ. ದಿನ ಎಣಿಸ್ತಿದ್ದ. ಇನ್ನು ಇಪ್ಪತ್ತು, ಇನ್ನು ಹದಿನೈದು ಅಂತ ನನ್ನ ಹತ್ರ ಹೇಳೋನು. ಮೂವತ್ತೊಂದನೇ ದಿನ ಬಂದು ಸೈನ್ಯಕ್ಕೆ ಕರ್ಕೊಂಡು ಹೋದ್ರು."

ಆಚೆ ಬೀದಿಯಲ್ಲಿ ಹಾಲಿನವಳು ಕೂಗಿಕೊಂಡು ಹೋದಳು. ಕ್ಲಾರಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಲು ಹೋಗಿ, ಸದ್ದಾದೀತೆಂದು ಹಾಗೆಯೇ ಹಿಡಿದು ನಿಂತಳು.

ಮನೆಯ ಗೋಡೆಗೆ ಸುಣ್ಣ ಬಳಿದು ಎಷ್ಟೋ ಪದರಗಳಾಗಿದ್ದವು. ಅಬೋಹಾಯ್ ಹಣೆ ಒತ್ತಿದ್ದು ಅದರ ಯಾವ ಜಾಗಕ್ಕೆಂದು ಇಲ್ಯೋವು ಕೇಳಲಿಲ್ಲ. ತನ್ನ ಕುರ್ಚಿಯನ್ನು ಎತ್ತಿ ತಂದು ಬುಲೋರಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಕಿಕೊಂಡು, ಚಪ್ಪರದ ಸಂದಿನಿಂದ ಬೀಳುವ ಬೆಳಕಿಗೆ ಮುಖವಿಟ್ಟು ಕೂತ.

"ನೋಡಿ," ಎಂದ.

"ಏನು ನೋಡ್ಲೋ?"

"ನನ್ನ ಮುಖ. ಅವರ ಪರವಾಗಿ."

ಮುದುಕಿ ಕನ್ನಡಕ ತೆಗೆದು, ತಲೆವಸ್ತ್ರದ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಮಡಿಲಿನ ಗಂಟನ್ನು ಪಕ್ಕಕ್ಕಿಟ್ಟಳು. ತೌಡಿನ ಹುಡಿ ಮೆತ್ತಿದ ಎರಡೂ ಕೈಗಳಿಂದ ಅವನ ಕೆನ್ನೆಗಳನ್ನು ಹಿಡಿದು, ಒಂದು ಕಡೆಗೆ ತಿರುಗಿಸಿ, ಇನ್ನೊಂದು ಕಡೆಗೆ ತಿರುಗಿಸಿ, ಹಣೆಯಿಂದ ಶುರುಮಾಡಿ ಒಂದೊಂದೇ ಜಾಗವನ್ನು ನೋಡತೊಡಗಿದಳು. ಅವಸರ ಮಾಡಲಿಲ್ಲ. ಅವನೂ ರೆಪ್ಪೆ ಬಡಿಯದೆ ಕೂತ.